ಔಷಧಗಳ ತಾರತಮ್ಯ

ಹೊಗೆಸೊಪ್ಪು, ಅಡಿಕೆ, ಬೀಡಿ, ಮದ್ಯ ಇವುಗಳ ದೀರ್ಘ ಸಹವಾಸದಿಂದ ಬಾಯಿ, ಗಂಟಲು, ಧ್ವನಿಪೆಟ್ಟಿಗೆಗಳಲ್ಲಿ ಹುಟ್ಟುವ ಕ್ಯಾನ್ಸರು ನಮ್ಮ ದೇಶದಲ್ಲಿ ಬಹುಮಟ್ಟಿಗೆ ಬಲಿತ ಮೇಲೆಯೇ ವೈದ್ಯರ ಕಣ್ಣಿಗೆ ಬೀಳುವುದರಿಂದ, ಶಸ್ತ್ರಕ್ರಿಯೆಯೊಂದರಿಂದಲೇ ಕಾರ್ಯ ಸಾಧಿಸದೆ, ಜನರು ‘ಕರೆಂಟು ಕೊಡುವುದು’ ಎನ್ನುವ ವಿಕಿರಣವನ್ನೂ ಕೀಮೋಥೆರಪಿಯನ್ನೂ ಜೊತೆಗೂಡಿಸಬೇಕಾಗುತ್ತದೆ. ಯಾವ ಔಷಧ ಉತ್ತಮವೆಂದು ಮನೆಯವರು ಕೇಳುವುದು ಸಹಜವೇ. ಆದರೆ ಚಿಕಿತ್ಸೆಯ ಉದ್ದೇಶವೇನೆಂಬುದು ನಿರ್ಣಯವಾಗುವವರೆಗೆ ಆ ಪ್ರಶ್ನೆಗೆ ಉತ್ತರವಿಲ್ಲ.

ಗುಣಪಡಿಸುವುದೇ ಉದ್ದೇಶವಾದಲ್ಲಿ ಅಗ್ರಸ್ಥಾನ ಸಿಸ್‌ಪ್ಲಾಟಿನ್ನಿನದು. ಬ್ಯಾಕ್ಟೀರಿಯಗಳ ಮೇಲೆ ವಿದ್ಯುತ್ತಿನ ಪ್ರಭಾವವನ್ನು ಪರೀಕ್ಷಿಸುತ್ತಿದ್ದ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್, ಅವುಗಳ ವಿಭಜನೆಯನ್ನು ತಡೆದುದು ವಿದ್ಯುತ್ತಲ್ಲ, ವಿದ್ಯುದಗ್ರದಿಂದ ದ್ರಾವಣಕ್ಕಿಳಿದ ಪ್ಲಾಟಿನಂ ಎಂದು 1965ರಲ್ಲಿ ಪ್ರಕಟಿಸಿದುದರಿಂದ ಇದರ ಚರಿತ್ರೆ ಆರಂಭವಾಯಿತು. ಜೀವಕೋಶದ ಡಿಎನ್‌ಎ ಎಳೆಗಳಿಗೆ ಅಂಟಿಕೊಳ್ಳುವ ಈ ಔಷಧವು, ವಿಕಿರಣದಿಂದಾದ ಗಾಯವನ್ನು ಕೋಶವು ಸರಿಪಡಿಸಿಕೊಳ್ಳದಂತೆ ಅಡ್ಡಿಪಡಿಸುತ್ತದೆ. ಆದರೆ ಅದು ಮೂತ್ರಪಿಂಡಗಳನ್ನೂ ಶ್ರವಣಶಕ್ತಿಯನ್ನೂ ಘಾಸಿಗೊಳಿಸಬಲ್ಲುದಾದ ಕಾರಣ, ಮೊದಲು ರಕ್ತದ ಕ್ರಿಯಾಟಿನಿನ್ನನ್ನು ನೋಡಿ, ಔಷಧದ ಹಿಂದೆಯೂ ಮುಂದೆಯೂ ಬಾಟಲಿಗಟ್ಟಲೆ ಸಲೈನು ಹರಿಸಿ, ವಾಂತಿ ತಡೆಯುವ ಚುಚ್ಚುಮದ್ದನ್ನಿತ್ತು, ರೋಗಿಯನ್ನು ದಿನವಿಡೀ ಡ್ರಿಪ್ಪಿನ ಕೆಳಗೆ ಮಲಗಿಸುವುದು ಅನಿವಾರ್ಯ.

ಮೂರು ವಾರಕ್ಕೊಮ್ಮೆ ದೇಹದ ಮೇಲ್ಮೈಯ ಚದರ ಮೀಟರಿಗೆ 100 ಮಿಲಿಗ್ರಾಂ ಕೊಡುವ ಬದಲು ವಾರವಾರವೂ 30 ಮಿಲಿಗ್ರಾಂ ಕೊಟ್ಟರೆ ಬಾಧೆ ತಗ್ಗಿ ಫಲ ಸಮನಾಗುವುದೆಂಬ ನಂಬಿಕೆಯಿಂದ ಈ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿತ್ತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 300 ಮಂದಿಯಲ್ಲಿ, ಬಹುಪಾಲು ಶಸ್ತ್ರಕ್ರಿಯೆಯಾದವರಲ್ಲಿ, ಇದನ್ನು ಒರೆಗೆ ಹಚ್ಚಿ 2018ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಎರಡು ವರ್ಷಗಳ ಬಳಿಕ ಬಾಯಿ-ಕುತ್ತಿಗೆಗಳಲ್ಲಿ ರೋಗ ಹತೋಟಿಯಲ್ಲಿದ್ದುದು ವಾರದ ಕ್ರಮದಲ್ಲಿ ಶೇಕಡ 58.5, ಮೂರು ವಾರದ ಕ್ರಮದಲ್ಲಿ ಶೇಕಡ 73.1. ಬಾಧೆ ಕಡಿಮೆಯಾದುದು ನಿಜ, ಫಲವೂ ಕಡಿಮೆಯಾಯಿತು. ಮುಂದೆ ಜಪಾನಿನವರು, ಶಸ್ತ್ರಕ್ರಿಯೆಯ ನಂತರವೂ ರೋಗ ಮರುಕಳಿಸುವ ಭಯ ಹೆಚ್ಚಾಗಿದ್ದವರಲ್ಲಿ, ವಾರಕ್ಕೆ 40 ಮಿಲಿಗ್ರಾಂ ಕೊಟ್ಟು ಅದು ಮೂರು ವಾರಕ್ಕೊಮ್ಮೆ ಕೊಡುವ ದೊಡ್ಡ ಪ್ರಮಾಣಕ್ಕಿಂತ ಹೀನವಲ್ಲವೆಂದು ತೋರಿಸಿದರು.

ಮೂತ್ರಪಿಂಡ ದುರ್ಬಲವಾಗಿ ಸಿಸ್‌ಪ್ಲಾಟಿನ್ ನಿಷಿದ್ಧವಾದವರ ಗತಿಯೇನು? ವಿಕಿರಣದೊಡನೆ ವಾರಕ್ಕೊಮ್ಮೆ ಅಲ್ಪಪ್ರಮಾಣದ ಡೋಸಿಟ್ಯಾಕ್ಸೆಲ್ ಸೇರಿಸಿದಾಗ, ಎರಡು ವರ್ಷ ಬದುಕುಳಿದವರ ಪ್ರಮಾಣ ಶೇಕಡ 41.7ರಿಂದ 50.8ಕ್ಕೆ ಏರಿತೆಂಬುದು ಅದೇ ಆಸ್ಪತ್ರೆಯ ಮತ್ತೊಂದು ಪರೀಕ್ಷೆಯಿಂದ ವಿದಿತವಾಯಿತು.

ರೋಗವು ಗುಣವಾಗುವ ಹಂತವನ್ನು ದಾಟಿ, ಉಳಿದ ಆಯುಸ್ಸನ್ನು ಹಿಗ್ಗಿಸಿ ಯಾತನೆಯನ್ನು ಕುಗ್ಗಿಸುವುದಷ್ಟೇ ಸಾಧ್ಯವೆಂದಾದಾಗ ಲೆಕ್ಕವೇ ಬೇರೆ. 2020ರಲ್ಲಿ ಪ್ರಕಟವಾದ ಮುಂಬಯಿಯ 422 ರೋಗಿಗಳ ಅಧ್ಯಯನದಲ್ಲಿ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಕ್ಕೆರಡು ಸಲ ಸೆಲೆಕಾಕ್ಸಿಬ್ ಎಂಬ ಅಗ್ಗದ ಗುಳಿಗೆಗಳನ್ನು ಮನೆಯಲ್ಲಿಯೇ ನುಂಗಿದವರ ಮಧ್ಯಮ ಆಯುರವಧಿ 7.5 ತಿಂಗಳು, ಸಿಸ್‌ಪ್ಲಾಟಿನ್ ಪಡೆದವರದು 6.1, ತೀವ್ರ ಅಡ್ಡಪರಿಣಾಮಗಳು ಕ್ರಮವಾಗಿ ಶೇಕಡ 19 ಮತ್ತು 30. ಅಂತರ ಅಲ್ಪವೆನಿಸಬಹುದು, ಆದರೆ ಗುಣಪಡಿಸುವಲ್ಲಿ ಅಗ್ರಗಣ್ಯವಾದ ಔಷಧವೇ, ಗುಣದ ಆಸೆಯಿಲ್ಲದೆಡೆ, ಸಾಧಾರಣ ಗುಳಿಗೆಗಳೆದುರು ಹಿಂದೆ ಬಿದ್ದಿತು.