ಮೆಕ್ಕೆಜೋಳದ ಹುಳಕ್ಕೆ ಉಳುಮೆಯೂ ಮದ್ದು



ಮೆಕ್ಕೆಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದಲ್ಲೇ. ಹುಳದ ಹಿಂಭಾಗದಲ್ಲಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆಗಳಿದ್ದರೆ ಅದು ಇದೇ ಹುಳು. ಸಂಘದಲ್ಲಿ ಸಾಲ ತೆಗೆದು ಔಷಧಿಗೇ ಸುರಿದರೆ ನಮಗೆ ಉಳಿಯೋದಾದರೂ ಏನು? ಅದಕ್ಕೇ ಮೊದಲು ಹುಳದ ಬದುಕನ್ನು ತಿಳಿಯೋಣ.

ಹುಳು ಮಣ್ಣಿಗೆ ಇಳಿಯುತ್ತದೆ

ಬೇಸಿಗೆಯಲ್ಲಿ ಸುಮಾರು ಎರಡು ವಾರ ಸುಳಿ ತಿಂದು ಬಲಿತ ಹುಳು ಕೆಳಗೆ ಬಿದ್ದು, ಮಣ್ಣಿನಲ್ಲಿ 2ರಿಂದ 8 ಸೆಂ.ಮೀ. ಆಳಕ್ಕೆ ಹೋಗಿ ಕೋಶವಾಗುತ್ತದೆ. ಸೆಕೆ ಕಾಲದಲ್ಲಿ 8-9 ದಿನಕ್ಕೇ ಚಿಟ್ಟೆಯಾಗಿ ಹೊರಬರುತ್ತದೆ. ಚಳಿಯಲ್ಲಿ ಮೂರು-ನಾಲ್ಕು ವಾರವೂ ಬೇಕಾಗಬಹುದು. ಒಂದು ಹೆಣ್ಣು ಚಿಟ್ಟೆ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು.

ಕೊಯ್ದ ಕೂಡಲೇ ಆಳವಾಗಿ ಉತ್ತರೆ ಕೋಶಗಳು ಮೇಲೆ ಬೀಳುತ್ತವೆ. ಬಿಸಿಲಿಗೆ ಒಣಗುತ್ತವೆ, ಬೆಳ್ಳಕ್ಕಿ, ಗೊರವಂಕ ಹೆಕ್ಕಿ ತಿನ್ನುತ್ತವೆ. ತಡ ಮಾಡಿದರೆ ಚಿಟ್ಟೆ ಹಾರಿಹೋಗಿರುತ್ತದೆ, ಉತ್ತ ಖರ್ಚು ದಂಡ. ಅದೇ ಹೊಲದಲ್ಲಿ ಮತ್ತೆ ಜೋಳ ಹಾಕುವವರಂತೂ ಇದನ್ನು ಮರೆಯಬಾರದು. ಕಾಂಡ ಕೊರೆಯುವ ಹುಳು ಕೂಳೆಯಲ್ಲಿ ಅಡಗಿರುತ್ತದೆ. ಕೂಳೆ ಕಿತ್ತು ಉತ್ತರೆ ಅದೂ ಕಡಿಮೆಯಾಗುತ್ತದೆ.

ಹಾಗಂತ ಪದೇ ಪದೇ ಉಳಬೇಕೇ?

ಬೇಡ. ಇರುವೆ, ನೆಲದ ಜೀರುಂಡೆ, ಜೇಡ ಇವೆಲ್ಲ ಹುಳು ತಿನ್ನುವ ನಮ್ಮ ಗೆಳೆಯರು. ಸುಮ್ಮನೆ ಉಳುತ್ತಾ ಹೋದರೆ ಅವುಗಳ ಗೂಡೂ ಹಾಳು, ಮೇಲ್ಮಣ್ಣೂ ಕೊಚ್ಚಿಹೋಗುತ್ತದೆ. ಆಫ್ರಿಕಾದ ಜಿಂಬಾಬ್ವೆಯಲ್ಲಿ ನಡೆದ ಅಧ್ಯಯನದಲ್ಲಿ ಕಡಿಮೆ ಉತ್ತ ಹೊಲಗಳಲ್ಲೇ ಈ ಹುಳದ ಹಾನಿ ಕಡಿಮೆ ಇತ್ತು. ಆದ್ದರಿಂದ ಕೊಯ್ಲಾದ ಮೇಲೆ ಒಂದೇ ಸಲ, ಆಳವಾಗಿ, ಇಳಿಜಾರಿಗೆ ಅಡ್ಡಲಾಗಿ ಉತ್ತರೆ ಸಾಕು. ಉಳದೇ ಬಿತ್ತುವವರು ಮಣ್ಣಿಗೆ ಬೇವಿನ ಹಿಂಡಿ ಸೇರಿಸಲಿ. ಎಷ್ಟು ಹಾಕಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಒಬ್ಬರು ಮಾಡಿದರೆ ಸಾಲದು

ಚಿಟ್ಟೆ ಒಂದೇ ರಾತ್ರಿಯಲ್ಲಿ ಬಹಳ ದೂರ ಹಾರುತ್ತದೆ. ನಿಮ್ಮ ಹೊಲ ಉತ್ತು ಪಕ್ಕದವರು ಬಿಟ್ಟರೆ ಪ್ರಯೋಜನ ಅರ್ಧ. ಉಳುಮೆಯೊಂದರಿಂದಲೇ ಹುಳು ಪೂರ್ತಿ ಹೋಗುವುದೂ ಇಲ್ಲ. ಹೀಗೆ ಮಾಡಿ:

1. ಅಕ್ಕಪಕ್ಕದ ಹೊಲದವರು ಸೇರಿ ಒಂದೇ ವಾರದಲ್ಲಿ ಉಳಿಸಿ. ಟ್ರ್ಯಾಕ್ಟರ್ ಬಾಡಿಗೆ ಹಂಚಿಕೊಂಡರೆ ಹೊರೆಯೂ ಕಡಿಮೆ.
2. ಬಿತ್ತನೆಯನ್ನೂ ಒಟ್ಟಿಗೆ ಮಾಡಿ. ನಡುವೆ ತೊಗರಿ, ಅಲಸಂದೆ ಇರಲಿ.
3. ಹಕ್ಕಿ ಕೂರಲು ಎಕರೆಗೆ ಹತ್ತು ಕವೆಕೋಲು ನೆಡಿ.
4. ವಾರಕ್ಕೆರಡು ಸಲ ಸುಳಿ ನೋಡಿ, ಮೊಟ್ಟೆಯ ಗುಂಪು ಕಂಡರೆ ಹಿಸುಕಿಬಿಡಿ.

ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ, ಯಾರ ಹೊಲ ಯಾವತ್ತು ಕೊಯ್ಲಿಗೆ ಬರುತ್ತದೆ ಎಂದು ಬರೆದಿಟ್ಟುಕೊಳ್ಳೋಣ. ಉಳುಮೆಯ ದಿನವನ್ನೂ ಅಲ್ಲೇ ನಿಶ್ಚಯ ಮಾಡೋಣ.