ಅರವತ್ನಾಲ್ಕು ಅಕ್ಷರ, ಒಂದು ಮಹಾಸಂಖ್ಯೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನದಲ್ಲಿ ಒಂದು ಸಂಖ್ಯೆಯಿದೆ: 256. ಇನ್ನೂರು, ಐವತ್ತು, ಆರು ಎಂಬ ಮೂರು ಚಿಹ್ನೆಗಳು ಬಂಡೆಯ ಮೇಲೆ ಪಕ್ಕಪಕ್ಕದಲ್ಲಿ ನಿಂತಿವೆ. ಶಾಸನ ಜೈನರದಲ್ಲ. ಆದರೂ ಆ ಸಂಖ್ಯೆ ಜೈನ ಗಣಿತದ ಅಭ್ಯಾಸಿಗೆ ಚಿರಪರಿಚಿತ.

ಎರಡರ ವರ್ಗ 4, ಅದರ ವರ್ಗ 16, ಅದರ ವರ್ಗ 256. ಹೀಗೆ ಸಾಗುವ ಸಾಲಿಗೆ ದ್ವಿರೂಪವರ್ಗಧಾರೆಯೆಂದು ಹೆಸರು. ಮುಂದಿನ 65536ನ್ನು ಆಚಾರ್ಯರು ಪಣ್ಣಟ್ಠಿಯೆಂದೂ, ಅದರ ವರ್ಗವನ್ನು ಬಾದಾಲವೆಂದೂ, ಬಾದಾಲದ ವರ್ಗವನ್ನು ಏಕಟ್ಠಿಯೆಂದೂ ಕರೆದರು. ಒಂದು ಸಂಖ್ಯೆ ಎಷ್ಟು ಬಾರಿ ಅರ್ಧವಾಗಬಲ್ಲುದೋ ಅದು ಅದರ ಅರ್ಧಚ್ಛೇದ. 256ಕ್ಕೆ ಅದು 8, ಏಕಟ್ಠಿಗೆ 64.

ಈ 64ರಲ್ಲಿಯೇ ಶ್ರುತಜ್ಞಾನದ ಕೀಲಿಯಿದೆ. ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಂತೆ ಮೂಲಾಕ್ಷರಗಳು ಅರವತ್ನಾಲ್ಕು: ಸ್ವರ 27, ವ್ಯಂಜನ 33, ಯೋಗವಾಹ 4. ಒಂದು ಸಂಯೋಗದಲ್ಲಿ ಪ್ರತಿ ಅಕ್ಷರವೂ ಇರಬಹುದು, ಇಲ್ಲದಿರಬಹುದು. ಆದ್ದರಿಂದ ಎರಡನ್ನು 64 ಬಾರಿ ಇಟ್ಟು ಗುಣಿಸಿ, ಯಾವ ಅಕ್ಷರವೂ ಇಲ್ಲದ ಒಂದನ್ನು ಕಳೆಯಬೇಕು. ದೊರೆಯುವುದು 1,84,46,74,40,73,70,95,51,615. ಸಮಸ್ತ ಶ್ರುತದ ಅಪುನರುಕ್ತ ಅಕ್ಷರಗಳು ಇಷ್ಟು.

ಮಧ್ಯಮಪದವೊಂದಕ್ಕೆ 1634 ಕೋಟಿ 83 ಲಕ್ಷ 7 ಸಾವಿರ 888 ಅಕ್ಷರ. ಮೇಲಿನ ರಾಶಿಯನ್ನು ಇದರಿಂದ ಭಾಗಿಸಿದರೆ ದ್ವಾದಶಾಂಗದ ಪದಗಳು 112 ಕೋಟಿ 83 ಲಕ್ಷ 58 ಸಾವಿರ 5 ಎಂದು ಬರುತ್ತವೆ. ಶೇಷ 8,01,08,175. ಆ ಶೇಷವನ್ನೂ ಆಚಾರ್ಯರು ಬಿಸುಡಲಿಲ್ಲ. ಅದು ಅಂಗಬಾಹ್ಯ ಶ್ರುತದ ಅಕ್ಷರಸಂಖ್ಯೆ. ಕಾಗದ ಹಿಡಿದು ಲೆಕ್ಕವಿಟ್ಟು ನೋಡುವವರಿಗೆ ಒಂದಂಕಿಯೂ ತಪ್ಪದು.

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಅಲ್ಲಿನ ವಿದ್ಯಾರ್ಥಿಗೂ ಈ ಸಂಖ್ಯೆ ಹೊಸದಲ್ಲ. 64 ಬಿಟ್‌ಗಳಲ್ಲಿ, ಋಣಚಿಹ್ನೆಯಿಲ್ಲದೆ, ಗಣಕಯಂತ್ರ ಬರೆಯಬಲ್ಲ ಗರಿಷ್ಠ ಪೂರ್ಣಾಂಕ ಇದೇ. ಅಲ್ಲಿಯೂ ಪ್ರತಿ ಸ್ಥಾನಕ್ಕೆ ಇದೆ, ಇಲ್ಲ ಎಂಬ ಎರಡೇ ಸ್ಥಿತಿ. ಹಾಗೆಂದು ಪೂರ್ವಾಚಾರ್ಯರು ಗಣಕಯಂತ್ರವನ್ನು ಬಲ್ಲವರಾಗಿದ್ದರೆಂದು ಕೊಚ್ಚಿಕೊಳ್ಳುವುದು ಅವರಿಗೆ ಗೌರವವಲ್ಲ. ಅವರ ಚಿಂತೆ ಬೇರೆಯಾಗಿತ್ತು. ಹನ್ನೆರಡನೆಯ ಅಂಗವಾದ ದೃಷ್ಟಿವಾದ ವಿಚ್ಛಿನ್ನವಾಯಿತು. ದಿಗಂಬರ ಪರಂಪರೆಯಲ್ಲಿ ಅದರ ಅಂಶವಾಗಿ ಉಳಿದ ಷಟ್ಖಂಡಾಗಮವನ್ನೂ ವೀರಸೇನರ ಧವಲಾ ಟೀಕೆಯನ್ನೂ ಮೂಡಬಿದಿರೆಯ ತಾಳೆಗರಿಗಳು ಕಾಪಾಡಿದವು. ಕಳೆದುಹೋದುದು ಎಷ್ಟೆಂದು ಅಳೆಯುವ ಕೋಲಾಗಿ ಈ ಲೆಕ್ಕ ಉಳಿದಿದೆ.

ಇಷ್ಟು ದೊಡ್ಡ ಸಂಖ್ಯೆ ಯಾವ ವರ್ಗಕ್ಕೆ ಸೇರುತ್ತದೆ? ಜೈನಾಗಮದಲ್ಲಿ ಸಂಖ್ಯಾತ, ಅಸಂಖ್ಯಾತ, ಅನಂತವೆಂದು ಮೂರು ವಿಭಾಗ. ಸಂಖ್ಯಾತ ಎರಡರಿಂದ ಆರಂಭ. ಒಂದನ್ನು ಎಣಿಕೆಯೆಂದು ಗಣಿಸುವುದಿಲ್ಲ. ಲಕ್ಷ ಯೋಜನ ಅಗಲದ, ಸಾವಿರ ಯೋಜನ ಆಳದ ಕುಂಡಕ್ಕೆ ಸಾಸಿವೆ ತುಂಬಿ, ದ್ವೀಪಕ್ಕೊಂದು ಸಮುದ್ರಕ್ಕೊಂದು ಕಾಳು ಹಾಕುತ್ತ ಹೋಗುವ ದೀರ್ಘ ಕಲ್ಪನೆಯಿಂದ ಅಸಂಖ್ಯಾತದ ಹೊಸ್ತಿಲನ್ನು ನಿರೂಪಿಸಲಾಗಿದೆ. ಎಣ್ಣೆಕಾಳಿನ ಪೇಟೆಯಾದ ಚಳ್ಳಕೆರೆಯವರಿಗೆ ಈ ದೃಷ್ಟಾಂತ ಬೇಗ ಹತ್ತೀತು! ಶ್ರುತಾಕ್ಷರಗಳ ರಾಶಿ ಆ ಹೊಸ್ತಿಲಿಗೆ ಬಹು ಹಿಂದೆ, ಸಂಖ್ಯಾತದೊಳಗೇ ನಿಲ್ಲುತ್ತದೆ. ಅನಂತವಾದರೋ ಜೀವರಾಶಿಯ ಮಾತು. ಒಂದೇ ನಿಗೋದಶರೀರದಲ್ಲಿ ಇದುವರೆಗೆ ಮುಕ್ತರಾದ ಸಿದ್ಧರಿಗಿಂತ ಅನಂತಗುಣ ಜೀವಗಳಿವೆಯೆಂದು ಗೊಮ್ಮಟಸಾರ ಹೇಳುತ್ತದೆ. ಗೆಡ್ಡೆಗೆಣಸುಗಳನ್ನು ಅನಂತಕಾಯವೆಂದು ಶ್ರಾವಕರು ತಟ್ಟೆಯಿಂದ ದೂರವಿಡುವುದು ಈ ಗಣನೆಯಿಂದಲೇ.