ಅಧ್ಯಾಯ 5: ಹೊಲದ ಬದುವೇ ಬೀದಿಯಾದಾಗ

ಇಂದು ರಾಗಿ, ಹಿಪ್ಪುನೇರಳೆ ಬೆಳೆಯುತ್ತಿರುವ ನೆಲದಲ್ಲಿ ನಾಳೆ ಮನೆ ಎಲ್ಲಿ, ಕಾರ್ಖಾನೆ ಎಲ್ಲಿ, ರಸ್ತೆ ಎಲ್ಲಿ ಬರಬೇಕು, ಯಾವ ನೆಲ ಹೊಲವಾಗಿಯೇ ಉಳಿಯಬೇಕು ಎಂದು ಮೊದಲೇ ಗೊತ್ತುಮಾಡುವುದೇ ಊರಂಚಿನ ಭೂಬಳಕೆ ಯೋಜನೆ. ಕರ್ನಾಟಕದಲ್ಲಿ ಇದಕ್ಕೆ ಆಧಾರ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರಡಿ ಯೋಜನಾ ಪ್ರಾಧಿಕಾರ ಮಾಸ್ಟರ್ ಪ್ಲಾನ್ ತಯಾರಿಸುತ್ತದೆ, ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ಬೆಂಗಳೂರಿನಲ್ಲಿ ಅದೂ ಹೊತ್ತಿಗೆ ಸರಿಯಾಗಿ ಆಗಲಿಲ್ಲ: 2015ರ ಗುರಿಯಿಟ್ಟು 2007ರಲ್ಲಿ ಒಪ್ಪಿಗೆ ಪಡೆದ ಪ್ಲಾನು ಆ ವರ್ಷ ಕಳೆದು ಎಷ್ಟೋ ಕಾಲ ಜಾರಿಯಲ್ಲೇ ಉಳಿಯಿತು.

ಪ್ಲಾನಿನ ನಕ್ಷೆಯಲ್ಲಿ ಹಳದಿ ಎಂದರೆ ವಾಸಕ್ಕೆ. ಜನ ಎಡವುವುದು ಇಲ್ಲೇ. "ಯೆಲ್ಲೋ ಝೋನ್ ಸಾರ್, ಕನ್ವರ್ಷನ್ನೂ ಆಗಿದೆ" ಎಂದು ಬ್ರೋಕರ್ ಹೇಳಿದರೆ ಸಾಕು, ಅಡ್ವಾನ್ಸ್ ಕೈಬದಲಾಗುತ್ತದೆ. ಹಳದಿ ಬಣ್ಣ ಹೇಳುವುದು ಇಲ್ಲಿ ಮನೆಗಳು ಬರಬಹುದು ಎಂಬುದಷ್ಟನ್ನೇ. ಕೃಷಿಭೂಮಿಯನ್ನು ಬೇರೆ ಬಳಕೆಗೆ ತಿರುಗಿಸುವ ಭೂಪರಿವರ್ತನೆ ಕಂದಾಯ ಇಲಾಖೆಯ ಕೆಲಸ. ಅದು ನಡೆಯುವುದು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ. ಆ ಜಮೀನನ್ನು ರಸ್ತೆ, ಚರಂಡಿ, ಪಾರ್ಕು ಬಿಟ್ಟು ಸೈಟುಗಳಾಗಿ ಒಡೆಯಲು ಬಡಾವಣೆ ನಕ್ಷೆಗೆ ಪ್ರಾಧಿಕಾರದ ಅನುಮೋದನೆ ಬೇಕು. ಮೂರೂ ಬೇರೆಬೇರೆ ತೀರ್ಮಾನಗಳು. ಮೊದಲೆರಡಿದ್ದು ಮೂರನೆಯದಿಲ್ಲದ ಸೈಟೂ ಜನ ರೆವಿನ್ಯೂ ಸೈಟು ಎಂದು ಕರೆಯುವ ಅನುಮೋದನೆಯಿಲ್ಲದ ಸೈಟೇ.

ಅನುಮೋದನೆ ಬರೀ ಕಾಗದದ ಮಾತಲ್ಲ. ಎರಡು ಎಕರೆಯ ಒಂದು ಹೊಲ ತೆಗೆದುಕೊಳ್ಳಿ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹೊಲ, ಹಾಗಾಗಿ ಉದ್ದುದ್ದ: ಅಗಲ 100 ಅಡಿ, ಉದ್ದ ಸುಮಾರು 870 ಅಡಿ. ನಡುವೆ 20 ಅಡಿಯ ರಸ್ತೆ ಎಳೆದರೆ ಎರಡೂ ಕಡೆ 40 ಅಡಿ ಉಳಿಯುತ್ತದೆ. 30×40 ಅಳತೆಯಲ್ಲಿ ಒಂದು ಸಾಲಿಗೆ 29, ಒಟ್ಟು 58 ಸೈಟು. ಐದರಲ್ಲಿ ನಾಲ್ಕು ಪಾಲು ಸೈಟು, ಒಂದು ಪಾಲು ರಸ್ತೆ, ಅಲ್ಲಿಗೆ ನೆಲ ಮುಗಿಯಿತು. ಅಂಗನವಾಡಿಗೆ, ಆಟದ ಬಯಲಿಗೆ ಒಂದು ಗುಂಟೆಯೂ ಇಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಡಾವಣೆ ಮಾಡುವಾಗ ಪಾರ್ಕು ಮತ್ತು ಆಟದ ಬಯಲಿಗೆ ಕನಿಷ್ಠ ಶೇ. 15, ನಾಗರಿಕ ಸೌಕರ್ಯಕ್ಕೆ ಇನ್ನೂ ಶೇ. 10 ಜಾಗ ಬಿಡಬೇಕೆಂದು ಅದರ ಕಾಯ್ದೆಯೇ ಹೇಳುತ್ತದೆ. ಅದರ ಪಕ್ಕದಲ್ಲಿ ಈ 58ರ ಲೆಕ್ಕ ಇಟ್ಟು ನೋಡಿ.

ಇದಕ್ಕಿಂತ ದೊಡ್ಡ ತೊಂದರೆ ರಸ್ತೆಯ ತುದಿಯಲ್ಲಿದೆ. ಅದು ಪಕ್ಕದ ಹೊಲದ ಬದುವಿಗೆ ಹೋಗಿ ನಿಲ್ಲುತ್ತದೆ. ಆ ಹೊಲದವರು ನಾಲ್ಕು ವರ್ಷ ಬಿಟ್ಟು ಮಾರಿದಾಗ, ಅವರ ಹೊಲ ಮಲಗಿರುವ ದಿಕ್ಕಿಗೆ ತಕ್ಕಂತೆ ಅವರ ರಸ್ತೆ ಬರುತ್ತದೆ. ಎರಡನ್ನೂ ಕೂಡಿಸಬೇಕಾದರೆ ಯಾರಾದರೊಬ್ಬರು ಒಂದೆರಡು ಸೈಟು ಕಳೆದುಕೊಳ್ಳಬೇಕು, ಯಾರೂ ಕಳೆದುಕೊಳ್ಳುವುದಿಲ್ಲ. ಮಳೆನೀರಿನದೂ ಇದೇ ಕತೆ. ಹೊಲಗಳ ಇಳಿಜಾರು ಹಿಡಿದು ಕೆರೆ ಸೇರುತ್ತಿದ್ದ ನೀರು ಕಾಂಪೌಂಡಿಗೆ ಬಡಿದು ಬೀದಿಯಲ್ಲೇ ನಿಲ್ಲುತ್ತದೆ. ಹಳೆಯ ಪಾಲುಪತ್ರದ ಗೆರೆಗಳೇ ಹೀಗೆ ಹೊಸ ಊರಿನ ನಕ್ಷೆಯಾಗುತ್ತವೆ. ಮನೆಗಳೆದ್ದ ಮೇಲೆ ಅದನ್ನು ತಿದ್ದಲು ಎಷ್ಟು ಹಣ ಸುರಿದರೂ ಸಾಲದು.

ಹಾಗಾದರೆ ಬದುಗಳನ್ನೇ ಮೊದಲು ಅಳಿಸಿದರೆ? ಈ ಪಾಠದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಗುಜರಾತಿನಲ್ಲಿ ಇದನ್ನು ಟೌನ್ ಪ್ಲಾನಿಂಗ್ ಸ್ಕೀಮ್ ಎನ್ನುತ್ತಾರೆ. ಬೇರು 1915ರ ಬಾಂಬೆ ಕಾಯ್ದೆಯಲ್ಲಿದೆ, ಈಗಿನ ಆಧಾರ 1976ರ ಕಾಯ್ದೆ. ಒಂದು ಪ್ರದೇಶದ ಹೊಲಗಳನ್ನೆಲ್ಲ ಕಾಗದದ ಮೇಲೆ ಒಂದಾಗಿಸುತ್ತಾರೆ. ರಸ್ತೆಗೆ ಶೇ. 15, ಪಾರ್ಕು-ಬಯಲಿಗೆ ಶೇ. 5, ಶಾಲೆ ಆಸ್ಪತ್ರೆಗಳಂಥವಕ್ಕೆ ಶೇ. 5, ಕಾಮಗಾರಿಯ ಖರ್ಚಿಗೆ ಮಾರಲು ಶೇ. 15ರವರೆಗೆ ತೆಗೆದಿಡಬಹುದು. ಉಳಿದದ್ದನ್ನು ಚೌಕವಾಗಿ, ರಸ್ತೆಗೆ ಮುಖಮಾಡಿ, ಸಾಧ್ಯವಾದಷ್ಟೂ ಮೊದಲಿದ್ದ ಕಡೆಯೇ ಮಾಲೀಕರಿಗೆ ಹಿಂದಿರುಗಿಸುತ್ತಾರೆ. ಪೂರಾ ಶೇ. 40 ಹೋದರೂ ಎರಡು ಎಕರೆಯ ರೈತನಿಗೆ ಒಂದು ಎಕರೆ ಎಂಟು ಗುಂಟೆ ಉಳಿಯುತ್ತದೆ. ರಸ್ತೆ, ಚರಂಡಿ ಬಂದ ಆ ನೆಲದ ಬೆಲೆ ಏರುವುದರಿಂದಲೇ ಲೆಕ್ಕ ಕೂಡುತ್ತದೆ.

ಇದರ ನ್ಯಾಯ ಗಮನಿಸಿ. ಭೂಸ್ವಾಧೀನದಲ್ಲಿ ರಸ್ತೆ ಹಾಯುವ ಹೊಲದವನು ನೆಲವನ್ನೆಲ್ಲ ಕಳೆದುಕೊಂಡು ಪರಿಹಾರಕ್ಕೆ ಅಲೆಯುತ್ತಾನೆ, ಪಕ್ಕದವನು ಏನೂ ಕೊಡದೆ ಬೆಲೆ ಏರಿಸಿಕೊಳ್ಳುತ್ತಾನೆ. ಸ್ಕೀಮಿನಲ್ಲಿ ನಷ್ಟವೂ ಲಾಭವೂ ಎಲ್ಲರಿಗೂ ಹಂಚಿಹೋಗುತ್ತದೆ. ಅಹಮದಾಬಾದಿನ 76 ಕಿ.ಮೀ. ಸರ್ದಾರ್ ಪಟೇಲ್ ರಿಂಗ್ ರಸ್ತೆಗೆ ಜಮೀನಿನ ಬಹುಪಾಲು ದೊರೆತದ್ದು ಹೀಗೆಯೇ. ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಗೆ ಸ್ವಾಧೀನದ ದಾರಿ ಹಿಡಿದು 2005ರಲ್ಲೇ ಪ್ರಾಥಮಿಕ ಅಧಿಸೂಚನೆ ಹೊರಟಿತು. ವರ್ಷಗಳುರುಳಿದವು, ಅಂದಾಜು ವೆಚ್ಚ ಉಬ್ಬಿತು, ಆ ಗೆರೆಯ ಮೇಲಿನ ರೈತರು ಜಮೀನು ಮಾರಲೂ ಆಗದೆ, ಮನೆ ಕಟ್ಟಲೂ ಆಗದೆ ಕಾದರು. ಗುಜರಾತಿನ ಸ್ಕೀಮುಗಳೂ ಮೊದಲು ಬಹಳ ಎಳೆದಾಡುತ್ತಿದ್ದವು. ಕರಡು ಹಂತದಲ್ಲೇ ರಸ್ತೆಯ ಜಾಗ ವಶಕ್ಕೆ ಪಡೆಯಬಹುದೆಂದು 1999ರಲ್ಲಿ ತಿದ್ದುಪಡಿ ತಂದ ಮೇಲೆ ಕೆಲಸ ಚುರುಕಾಯಿತು.

ನಮ್ಮ 1961ರ ಕಾಯ್ದೆಯಲ್ಲೂ ಇಂಥ ಸ್ಕೀಮಿಗೆಂದೇ ಒಂದು ಅಧ್ಯಾಯವಿದೆ, 26ನೇ ಕಲಮಿನಿಂದ ಶುರು. ದಯವಿಟ್ಟು ಅದನ್ನು ಓದಿ. ನಿಮ್ಮ ಊರಿನ ಗ್ರಾಮ ನಕ್ಷೆ ತರಿಸಿಕೊಂಡು ಬಂಡಿದಾರಿ, ಹಳ್ಳ, ಕೆರೆಯಂಗಳ ಎಲ್ಲಿದ್ದವು ಎಂದು ಮಾಸ್ಟರ್ ಪ್ಲಾನಿನ ಹಾಳೆಯ ಜೊತೆ ಇಟ್ಟು ನೋಡಿ. ಪ್ಲಾನಿನ ಕರಡು ಪ್ರಕಟವಾದಾಗ ಸಾರ್ವಜನಿಕರ ಅಭಿಪ್ರಾಯಕ್ಕೆ ಕಾಯ್ದೆ ಕೊಡುವುದು 60 ದಿನ. ಹಳ್ಳದ ಮೇಲೆ ಹಳದಿ ಬಣ್ಣ ಬಿದ್ದಿದ್ದರೆ ಸರ್ವೆ ನಂಬರ್ ಹಾಕಿ ಆಕ್ಷೇಪಣೆ ಬರೆದುಕೊಡಬೇಕಾದದ್ದು ಆ 60 ದಿನಗಳೊಳಗೆ.